ಇಂದಿನ ಧಮ್ಮ ಚಿಂತನೆ: ಬುದ್ಧಗಯೆಯಲ್ಲಿ ಉಳಿದುಬಿಟ್ಟ ಧರ್ಮಪಾಲರು



ಧಮ್ಮ ಬಂಧುಗಳೇ, ಇವತ್ತು ಅನಗಾರಿಕ ಧರ್ಮಪಾಲರ ಬದುಕಿನ ಬಗ್ಗೆ ಬರೆಯುತ್ತಿದ್ದೇನೆ. ಮೊದಲು ಹೆಸರಿನ ವಿಚಾರ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಅನೇಕರು ಇದನ್ನು ಅನಾಗರಿಕ ಎಂದು ಬರೆಯುತ್ತಾರೆ. ಹಾಗೆ ಬರೆದರೆ ನಾಗರಿಕತೆ ಇಲ್ಲದವನು ಎಂದಾಗಿಬಿಡುತ್ತದೆ. ಇದು ಪಾಲಿಯ ಪದ. ಅಗಾರ ಎಂದರೆ ಮನೆ, ಅನಗಾರಿಕ ಎಂದರೆ ಮನೆ ಇಲ್ಲದವನು. ಆ ಹೆಸರನ್ನು ಅವರು ತಾವೇ ಆರಿಸಿಕೊಂಡರು. ಮನೆ ಇಲ್ಲದೆ ಹುಟ್ಟಿದವರಲ್ಲ, ಕೊಲಂಬೊ ಪಟ್ಟಣದ ದೊಡ್ಡ ಶ್ರೀಮಂತರ ಮನೆಯ ಹಿರಿ ಮಗ.

ನಮ್ಮ ಬಳಗದಲ್ಲಿ ಪದೇ ಪದೇ ಬರುವ ಒಂದು ಮಾತಿದೆ. ಸಮಾಜಕ್ಕೆ ಏನಾದರೂ ಮಾಡಬೇಕೆಂದು ಗೊತ್ತು, ಬಾಬಾಸಾಹೇಬರ ಋಣ ಗೊತ್ತು, ಆದರೆ ಡ್ಯೂಟಿ ಮುಗಿಸಿ ಮನೆಗೆ ಬಂದರೆ ಮಕ್ಕಳ ಫೀಸು, ಮನೆ ಸಾಲದ ಕಂತು, ಅಮ್ಮನ ಮಾತ್ರೆ, ಇಷ್ಟರಲ್ಲೇ ದಿನ ಕಳೆಯುತ್ತದೆ, ಮನಸ್ಸೇ ಬರುವುದಿಲ್ಲ ಎಂದು. ಇದನ್ನು ಬರೀ ನೆಪ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ನಾವೆಲ್ಲ ಹಾಗೆಯೇ ಬದುಕುವವರು. ಆದರೆ ಆ ಮನಸ್ಸು ಎಲ್ಲಿಂದ ಬರುತ್ತದೆ, ಬಂದದ್ದು ಹೇಗೆ ಉಳಿಯುತ್ತದೆ ಎಂದು ಕೇಳಿಕೊಂಡಾಗ ಧರ್ಮಪಾಲರ ಬದುಕಿನಲ್ಲಿ ನನಗೆ ಒಂದು ಉತ್ತರ ಕಂಡಿತು.

ಅವರು ಹುಟ್ಟಿದ್ದು 1864ರ ಸೆಪ್ಟೆಂಬರ್ 17ರಂದು. ಇಟ್ಟ ಹೆಸರು ಡಾನ್ ಡೇವಿಡ್ ಹೇವಾವಿತಾರಣೆ. ಬೌದ್ಧರ ಮನೆಯ ಮಗುವಿಗೆ ಕ್ರೈಸ್ತ ಹೆಸರು ಯಾಕೆ ಎಂದರೆ, ಬ್ರಿಟಿಷರ ಆಳ್ವಿಕೆಯ ಸಿಲೋನಿನಲ್ಲಿ ಮರ್ಯಾದಸ್ಥ ಕುಟುಂಬಗಳಿಗೆ ಅದೇ ರೂಢಿಯಾಗಿತ್ತು. ಹೆಸರು ಬದಲಿಸಿಕೊಳ್ಳುವುದು ಎಂದರೇನು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ತಂದೆ ಡಾನ್ ಕರೋಲಿಸ್ ಅವರದು ಪೀಠೋಪಕರಣ ತಯಾರಿಸಿ ಮಾರುವ ದೊಡ್ಡ ವ್ಯಾಪಾರ. ತಾಯಿ ಮಲ್ಲಿಕಾ. ಮನೆಯಲ್ಲಿ ಬುದ್ಧವಂದನೆ, ಶಾಲೆಯಲ್ಲಿ ಬೈಬಲ್. ಹುಡುಗ ಬೈಬಲನ್ನೂ ಚೆನ್ನಾಗಿಯೇ ಓದಿಕೊಂಡಿದ್ದ. ವೈಶಾಖ ಹುಣ್ಣಿಮೆಗೆ ರಜೆ ಕೇಳಿದಾಗ ಶಾಲೆಯವರು ಕೊಡಲಿಲ್ಲ. ಹುಡುಗ ಪುಸ್ತಕ, ಕೊಡೆ ಎತ್ತಿಕೊಂಡು ತರಗತಿಯಿಂದ ಎದ್ದು ನಡೆದ. ಮರುದಿನ ಬೆತ್ತದ ಏಟು ಬಿತ್ತು. ಮುಂದಿನ ವರ್ಷವೂ ಹಾಗೆಯೇ ಎದ್ದು ನಡೆದ, ಹಾಗೆಯೇ ಏಟು ತಿಂದ.

1883ರಲ್ಲಿ ಕೊಟಹೇನದಲ್ಲಿ ಬೌದ್ಧರ ಮೆರವಣಿಗೆಯ ಮೇಲೆ ಹಲ್ಲೆಯಾಯಿತು. ತಂದೆ ಮಗನನ್ನು ಮಿಷನರಿ ಶಾಲೆಯಿಂದ ಬಿಡಿಸಿದರು. ಅದಕ್ಕೆ ಮೂರು ವರ್ಷ ಮುಂಚೆ, 1880ರಲ್ಲಿ, ಕರ್ನಲ್ ಆಲ್ಕಾಟ್ ಮತ್ತು ಮೇಡಂ ಬ್ಲಾವಟ್ಸ್ಕಿ ಸಿಲೋನಿಗೆ ಬಂದು ಬಹಿರಂಗವಾಗಿ ಪಂಚಶೀಲ ಸ್ವೀಕರಿಸಿದ್ದರು. ಬಿಳಿಯರೇ ಬುದ್ಧನ ಮುಂದೆ ಕೈಮುಗಿದದ್ದು ನೋಡಿ ಅಲ್ಲಿನ ಜನರಿಗೆ ತಮ್ಮ ಧರ್ಮದ ಬಗ್ಗೆ ಇದ್ದ ನಾಚಿಕೆ ಬಿಟ್ಟಿತು. ಬಿಳಿಯರು ಒಪ್ಪಿದ ಮೇಲೆ ಧೈರ್ಯ ಬಂದದ್ದು ಸ್ವಲ್ಪ ಕಸಿವಿಸಿಯ ವಿಷಯವೇ. ಆದರೆ ಗುಲಾಮಗಿರಿಯಲ್ಲಿ ಬದುಕಿದವರ ಮನಸ್ಸು ಹಾಗೆಯೇ ಇರುತ್ತದೆ, ಅದನ್ನು ನಾವು ಬಲ್ಲೆವು.

ಈ ಹುಡುಗ ಅವರ ಹಿಂದೆ ಹೊರಟ. 1884ರಲ್ಲಿ ಮದರಾಸಿನ ಅಡ್ಯಾರಿಗೆ ಹೋದ. ಥಿಯಾಸಫಿಯ ಗುಹ್ಯವಿದ್ಯೆ ಕಲಿಯುವ ಆಸೆ ಅವನಿಗಿತ್ತು. ಅದನ್ನು ಬಿಟ್ಟು ಪಾಲಿ ಕಲಿ, ಜನರ ಕೆಲಸ ಮಾಡು ಎಂದು ತಿದ್ದಿದವರು ಸ್ವತಃ ಬ್ಲಾವಟ್ಸ್ಕಿ. ಊರಿಗೆ ಮರಳಿ ಬಂದವನು ಬ್ರಹ್ಮಚಾರಿಯಾಗಿ ಇರಲು ತಂದೆಯ ಅನುಮತಿ ಕೇಳಿದ. ತಂದೆ ಕೇಳಿದ್ದು ನಮ್ಮ ಮನೆಗಳಲ್ಲೂ ಕೇಳುವ ಪ್ರಶ್ನೆಯೇ. ಹಿರಿ ಮಗ ನೀನು ಹೊರಟರೆ ತಮ್ಮಂದಿರನ್ನು ಯಾರು ನೋಡಿಕೊಳ್ಳಬೇಕು? ಅವರವರ ಕಮ್ಮ ಅವರನ್ನು ಕಾಯುತ್ತದೆ ಎಂದ ಮಗ. ಈ ಉತ್ತರ ನನಗೆ ಹಿಡಿಸುವುದಿಲ್ಲ. ವ್ಯಾಪಾರದಲ್ಲಿ ದುಡ್ಡಿದ್ದ ಮನೆಯಲ್ಲಿ ಅದು ನಡೆಯಿತು, ಎಲ್ಲರ ಮನೆಯಲ್ಲೂ ನಡೆಯದು. ಅದಕ್ಕಿಂತ ತಾಯಿಯ ಮಾತು ದೊಡ್ಡದು. ಚಿಕ್ಕ ಮಕ್ಕಳು ಇಲ್ಲದಿದ್ದರೆ ತಾನೂ ಜೊತೆಗೆ ಬರುತ್ತಿದ್ದೆ ಎಂದು ಹರಸಿ ಕಳಿಸಿದರು ಮಲ್ಲಿಕಾ. ತಂದೆಯೂ ಕೊನೆಗೆ ಒಪ್ಪಿದರು. ಬರೀ ಒಪ್ಪಿದ್ದಲ್ಲ, 1906ರಲ್ಲಿ ತೀರಿಕೊಳ್ಳುವ ತನಕ ಮಗನ ಕೆಲಸಕ್ಕೆ ಹಣ ಕೊಡುತ್ತಲೇ ಇದ್ದರು.

ಈ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ತ್ಯಾಗಿಗಳ ಕತೆ ಹೇಳುವಾಗ ಮನೆಯನ್ನು ಶತ್ರುವಿನ ಹಾಗೆ ತೋರಿಸುವ ಚಾಳಿ ನಮಗಿದೆ. ಧರ್ಮಪಾಲರ ಮನೆ ಅವರ ಮೊದಲ ದಾನಿ. ಅವರು ಮನೆಯವರ ಜೊತೆ ಮಾತು ಮುರಿದುಕೊಳ್ಳಲಿಲ್ಲ, ತಮ್ಮ ಕೆಲಸದೊಳಕ್ಕೆ ಅವರನ್ನೂ ಎಳೆದುಕೊಂಡರು. ಪ್ರತಿ ಭಾನುವಾರ ಒಬ್ಬರೇ ಸ್ಕೂಟರ್ ಹತ್ತಿ ವಿಹಾರಕ್ಕೆ ಬರುವ ನಮ್ಮ ಅಣ್ಣಂದಿರು ಇದನ್ನು ಸ್ವಲ್ಪ ಯೋಚಿಸಬೇಕು. ಮನೆಯಲ್ಲಿ ಅಕ್ಕಂದಿರಿಗೆ ವಿಹಾರದ ಲೆಕ್ಕಪತ್ರ ಏನೆಂದೇ ಗೊತ್ತಿಲ್ಲದಿದ್ದರೆ ಅವರಿಗೆ ಅದು ಗಂಡ ಮನೆಯಲ್ಲಿ ಇಲ್ಲದ ಇನ್ನೊಂದು ದಿನ, ಅಷ್ಟೆ.

ಆಮೇಲೆ ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತನ ಕೆಲಸ. 1886ರಲ್ಲಿ ರಜೆ ಹಾಕಿ ಆಲ್ಕಾಟರ ಜೊತೆ ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿದರು. ಬೌದ್ಧ ಮಕ್ಕಳಿಗೆ ಶಾಲೆ ಕಟ್ಟಲು ಚಂದಾ ಎತ್ತುವುದು, ಆಲ್ಕಾಟರ ಇಂಗ್ಲಿಷ್ ಭಾಷಣವನ್ನು ಸಿಂಹಳಕ್ಕೆ ತಿರುಗಿಸಿ ಹೇಳುವುದು, ಇದೇ ಕೆಲಸ. ಆ ಪ್ರವಾಸ ಮುಗಿಯುವಷ್ಟರಲ್ಲಿ ಸರ್ಕಾರಿ ನೌಕರಿಗೆ ರಾಜೀನಾಮೆ ಕೊಡುವ ತೀರ್ಮಾನವಾಗಿತ್ತು. ಡೇವಿಡ್ ಹೆಸರು ಹೋಗಿ ಧರ್ಮಪಾಲ ಎಂಬ ಹೆಸರು ಬಂದದ್ದೂ ಆ ವರ್ಷಗಳಲ್ಲೇ.

ಇಷ್ಟಾದರೂ, ನನ್ನ ಪ್ರಕಾರ, ಅವರಿಗೆ ತಮ್ಮ ಕೆಲಸ ಯಾವುದೆಂದು ಇನ್ನೂ ಸಿಕ್ಕಿರಲಿಲ್ಲ. ಆಲ್ಕಾಟರ ಸಹಾಯಕ ಎಂಬ ಗುರುತೇ ಹೆಚ್ಚು. ಉತ್ಸಾಹ ಬೇಕಾದಷ್ಟಿತ್ತು, ಅದು ಹೋಗಿ ನಿಲ್ಲುವ ಜಾಗ ಇರಲಿಲ್ಲ. ಜಾಗ ಸಿಕ್ಕಿದ್ದು 1891ರ ಜನವರಿ 22ರಂದು. ಜಪಾನಿನ ಕೋಜೆನ್ ಎಂಬ ಭಿಕ್ಖುವಿನ ಜೊತೆ ಸಾರನಾಥ ನೋಡಿಕೊಂಡು ಬುದ್ಧಗಯೆಗೆ ಬಂದರು. ಆಗ ವಯಸ್ಸು 26.

ಅಲ್ಲಿನ ಸ್ಥಿತಿ ಹೇಗಿತ್ತೆಂದು ನಿಮಗೆ ಗೊತ್ತು. ಪಾಳುಬಿದ್ದಿದ್ದ ಮಹಾಬೋಧಿ ಮಂದಿರವನ್ನು ಬ್ರಿಟಿಷ್ ಸರ್ಕಾರ 1880ರ ದಶಕದಲ್ಲಿ ದುರಸ್ತಿ ಮಾಡಿಸಿತ್ತು. ಆದರೆ ಜಾಗ ಶೈವ ಮಠದ ಮಹಂತನ ಹಿಡಿತದಲ್ಲಿತ್ತು. ನೋಡಿಕೊಳ್ಳಲು ಭಿಕ್ಖು ಸಂಘ ಇರಲಿಲ್ಲ. ಎಡ್ವಿನ್ ಆರ್ನಾಲ್ಡರು 1885ರಲ್ಲಿ ಈ ದುಃಸ್ಥಿತಿಯ ಬಗ್ಗೆ ಬರೆದಿದ್ದರು, ಧರ್ಮಪಾಲರು ಅದನ್ನು ಓದಿದ್ದರು ಕೂಡ. ಓದಿದ್ದಕ್ಕೂ ನೋಡಿದ್ದಕ್ಕೂ ಎಷ್ಟು ವ್ಯತ್ಯಾಸ! ಓದಿ ಐದಾರು ವರ್ಷ ಸುಮ್ಮನೆ ಕಳೆದಿತ್ತು. ವಜ್ರಾಸನದ ಮೇಲೆ ಹಣೆ ಇಟ್ಟ ಗಳಿಗೆಯಲ್ಲೇ ಅವರು ನಿರ್ಧರಿಸಿದ್ದು, ಭಿಕ್ಖುಗಳು ಬಂದು ಈ ಜಾಗ ವಹಿಸಿಕೊಳ್ಳುವ ತನಕ ತಾನು ಇಲ್ಲಿಂದ ಕದಲುವುದಿಲ್ಲ ಎಂದು.

ಯಾತ್ರೆಗೆ ಬಂದವರು ಉಳಿದುಬಿಟ್ಟರು. ನಾನು ಹೇಳಬೇಕೆಂದಿದ್ದ ವಿಷಯ ಇದೇ. ಮೊದಲು ಮನಸ್ಸು ಪಕ್ವವಾಗಿ, ಆಮೇಲೆ ಅವರು ಬುದ್ಧಗಯೆಗೆ ಹೋದದ್ದಲ್ಲ. ಹೋದರು, ನೋಡುವವರಿಲ್ಲದ್ದನ್ನು ಕಣ್ಣಾರೆ ಕಂಡರು, ತಾನು ಹೊರಟರೆ ಇಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆ ಎದ್ದಿತು. ನಾವು ಮನೆಯಲ್ಲಿ ಕೂತು ಪ್ರೇರಣೆ ಬರಲಿ ಎಂದು ಕಾಯುತ್ತೇವೆ. ನಮ್ಮದೇ ಕೇರಿಯಲ್ಲಿ ಸಂಜೆ ಆರು ಗಂಟೆಗೆ ಎಷ್ಟು ಮಕ್ಕಳು ಪುಸ್ತಕ ಮುಚ್ಚಿ ಬೀದಿಯಲ್ಲಿರುತ್ತಾರೆ ಎಂದು ಒಂದು ವಾರ ಹೋಗಿ ನಿಂತು ನೋಡಿದವರು ನಮ್ಮಲ್ಲಿ ಎಷ್ಟು ಜನ?

ಉಳಿದ ಮೇಲೆ ಆದದ್ದು ಮಾತ್ರ ಹೂವಿನ ಹಾಸಿಗೆಯಲ್ಲ. ಬರ್ಮಾ ರಾಜ ಕಟ್ಟಿಸಿದ್ದ ಛತ್ರದಲ್ಲಿ ವಾಸ. ಕೈಯಲ್ಲಿದ್ದ ಹಣ ಕರಗುತ್ತಿತ್ತು. ಕೂತು ಸಿಲೋನಿಗೆ, ಬರ್ಮಾಕ್ಕೆ, ಭಾರತದ ಬೇರೆ ಬೇರೆ ಊರಿಗೆ ಕಾಗದ ಬರೆದರು. ಬೇಗ ಉತ್ತರ ಬರಲಿಲ್ಲ. ಊರಿಗೆ ಹೋಗಿ ಅದೇ ವರ್ಷ ಮೇ 31ರಂದು ಕೊಲಂಬೊದಲ್ಲಿ ಮಹಾಬೋಧಿ ಸೊಸೈಟಿ ಸ್ಥಾಪಿಸಿದರು, ಹಿಕ್ಕಡುವೆ ಸುಮಂಗಲ ಮಹಾಥೇರರು ಅಧ್ಯಕ್ಷರು. ಜುಲೈಯಲ್ಲಿ ನಾಲ್ವರು ಭಿಕ್ಖುಗಳನ್ನು ಕರೆತಂದು ಬುದ್ಧಗಯೆಯಲ್ಲಿ ಇರಿಸಿದರು. 1892ರಲ್ಲಿ ಕಲ್ಕತ್ತಾದಿಂದ ಮಹಾಬೋಧಿ ಪತ್ರಿಕೆ ಶುರುವಾಯಿತು. 1893ರಲ್ಲಿ ಮಹಂತನ ಆಳುಗಳು ಆ ಭಿಕ್ಖುಗಳನ್ನು ಹೊಡೆದರು. 1895ರ ಫೆಬ್ರವರಿಯಲ್ಲಿ ಜಪಾನಿನ ಬೌದ್ಧರು ಕೊಟ್ಟ ಬುದ್ಧಮೂರ್ತಿಯನ್ನು ಮಂದಿರದ ಮೇಲಂತಸ್ತಿನಲ್ಲಿ ಇಡಲು ಹೋದಾಗ ಗುಂಪು ನುಗ್ಗಿ ಅದನ್ನು ಎತ್ತಿ ಹೊರಹಾಕಿತು. ಕೇಸು ನಡೆಯಿತು. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಯಿತು, ಹೈಕೋರ್ಟಿನಲ್ಲಿ ಅದು ರದ್ದಾಯಿತು. ಮುಂದೆ 1910ರಲ್ಲಿ ಆ ಛತ್ರವೂ ಕೈತಪ್ಪಿತು. ಬುದ್ಧನಿಗೆ ಬೋಧಿಯಾದ ಜಾಗದಲ್ಲಿ ಬೌದ್ಧರಿಗೇ ತಂಗಲು ಸೂರಿಲ್ಲ!

ಸಹಾಯ ಮಾತ್ರ ಎಣಿಸದ ಕಡೆಯಿಂದ ಬಂತು. 1893ರಲ್ಲಿ ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿ ಮರಳುವಾಗ ಹಡಗು ಹೊನೊಲುಲುವಿನಲ್ಲಿ ನಿಂತಿತು. ಹವಾಯಿಯ ಮೇರಿ ಫಾಸ್ಟರ್ ಎಂಬ ಶ್ರೀಮಂತ ಮಹಿಳೆ ಅವರನ್ನು ಕಾಣಲು ಬಂದರು. ತಮ್ಮ ಸಿಟ್ಟನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಕೇಳಿದರು, ಧರ್ಮಪಾಲರು ಧಮ್ಮದ ಪ್ರಕಾರ ದಾರಿ ಹೇಳಿದರು. ಆ ಭೇಟಿ ಮುಗಿದದ್ದು ಅಷ್ಟು ಹೊತ್ತಿನಲ್ಲೇ. ಅದೇ ಮಹಿಳೆ ಮುಂದೆ ಜೀವನವಿಡೀ ಲಕ್ಷಗಟ್ಟಲೆ ರೂಪಾಯಿ ಕೊಟ್ಟರು. ಕೊಲಂಬೊದ ಉಚಿತ ಆಸ್ಪತ್ರೆ, ಕಲ್ಕತ್ತಾದ ಧರ್ಮರಾಜಿಕ ವಿಹಾರ, ಸಾರನಾಥದ ಮೂಲಗಂಧಕುಟಿ ವಿಹಾರ, ಎಲ್ಲದರಲ್ಲೂ ಆ ತಾಯಿಯ ಹಣವಿದೆ.

ಕೆಲಸ ನಡೆಯುತ್ತಿದ್ದ ಕಾಲದಲ್ಲೇ ಮನೆಯ ಮೇಲೆ ದೊಡ್ಡ ಹೊಡೆತ ಬಿತ್ತು. 1915ರಲ್ಲಿ ಸಿಲೋನಿನಲ್ಲಿ ಸಿಂಹಳೀಯರಿಗೂ ಮುಸ್ಲಿಮರಿಗೂ ಗಲಭೆಯಾಯಿತು. ಸರ್ಕಾರ ಸೈನಿಕ ಕಾಯ್ದೆ ಹೇರಿ ತಮ್ಮ ಎಡ್ಮಂಡರನ್ನು ಜೈಲಿಗೆ ಹಾಕಿತು. ಅವರು ಜಾಫ್ನಾ ಜೈಲಿನಲ್ಲೇ ತೀರಿಕೊಂಡರು. ಧರ್ಮಪಾಲರು ಆಗ ಕಲ್ಕತ್ತಾದಲ್ಲಿದ್ದರು, ಅವರನ್ನು ಅಲ್ಲೇ ವರ್ಷಗಟ್ಟಲೆ ಕಟ್ಟಿಹಾಕಿದರು. ಅವರವರ ಕಮ್ಮ ಕಾಯುತ್ತದೆ ಎಂದು ಹಿಂದೆ ತಂದೆಗೆ ಹೇಳಿದ್ದ ಮಾತು ಆ ದಿನಗಳಲ್ಲಿ ಅವರಿಗೆ ನೆನಪಾಗಿರಬಹುದೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಒಂದು ಮಾತು ಮುಚ್ಚಿಡಬಾರದು. ಸಿಲೋನಿನ ಮುಸ್ಲಿಮರ ಬಗ್ಗೆ, ಸಿಂಹಳರಲ್ಲದವರ ಬಗ್ಗೆ ಅವರು ಬರೆದದ್ದರಲ್ಲಿ ಕಹಿ ಇದೆ. ಮೈತ್ರಿಯ ಪಾಠ ಹೇಳುವ ನಾವು ಅದನ್ನು ಒಪ್ಪಲಾಗದು. ಇನ್ನೊಂದು, ಭಾರತದಲ್ಲಿ ಅವರು ಬೆಂಬಲ ಹುಡುಕಿದ್ದು ಹೆಚ್ಚಾಗಿ ಬಂಗಾಳದ ಓದಿದ ಮೇಲ್ಜಾತಿಯವರ ನಡುವೆ. ಅವರು ಸಭೆಗೆ ಬಂದರು, ಭಾಷಣ ಮೆಚ್ಚಿದರು, ಚಂದಾ ಕೊಟ್ಟರು, ಬೌದ್ಧರಾಗಲಿಲ್ಲ. ಧಮ್ಮಕ್ಕೆ ಕಾದಿದ್ದ ಜನ ಬೇರೆ ಕೇರಿಗಳಲ್ಲಿದ್ದರು. ಅಲ್ಲಿಗೆ ಧಮ್ಮ ತಲುಪಿಸಲು ಬಾಬಾಸಾಹೇಬರೇ ಬೇಕಾಯಿತು.

ಆದರೂ ಬಾಬಾಸಾಹೇಬರು ಬರುವ ಹೊತ್ತಿಗೆ ದಾರಿಯಲ್ಲಿ ಒಂದಷ್ಟು ಕಲ್ಲು ಹಾಸಿತ್ತು, ಅದನ್ನು ಹಾಸಿದವರಲ್ಲಿ ಈ ಮನುಷ್ಯ ಒಬ್ಬರು. 1950ರಲ್ಲಿ ಬಾಬಾಸಾಹೇಬರು ಬುದ್ಧ ಮತ್ತು ಅವನ ಧರ್ಮದ ಭವಿಷ್ಯದ ಬಗ್ಗೆ ಬರೆದ ಪ್ರಸಿದ್ಧ ಲೇಖನ ಅಚ್ಚಾದದ್ದು ಧರ್ಮಪಾಲರು ಶುರುಮಾಡಿದ ಅದೇ ಮಹಾಬೋಧಿ ಪತ್ರಿಕೆಯಲ್ಲಿ.

ಕೊನೆಯ ವರ್ಷಗಳಲ್ಲಿ ಅವರ ಕಾಲು, ಎದೆ ಎರಡೂ ಸೋತಿದ್ದವು. ಬುದ್ಧಗಯೆ ಕೈಗೆ ಬರಲಿಲ್ಲ ಎಂದು ಕೂರದೆ, ಬುದ್ಧ ಮೊದಲ ಉಪದೇಶ ಮಾಡಿದ ಸಾರನಾಥದಲ್ಲಿ ವಿಹಾರ ಕಟ್ಟಿಸಿದರು. ಶತಮಾನಗಳಿಂದ ಹಾಳುಬಿದ್ದಿದ್ದ ಜಾಗ ಅದು. 1931ರ ನವೆಂಬರ್ 11ರಂದು ಮೂಲಗಂಧಕುಟಿ ವಿಹಾರದ ಉದ್ಘಾಟನೆಗೆ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಅದೇ ವರ್ಷ ಜುಲೈಯಲ್ಲಿ ಪಬ್ಬಜ್ಜ ಪಡೆದು ಸಾಮಣೇರರಾಗಿದ್ದರು. 1933ರ ಜನವರಿಯಲ್ಲಿ ಉಪಸಂಪದೆಯಾಗಿ ಭಿಕ್ಖುವಾದರು. ಏಪ್ರಿಲ್ 29ರಂದು ಸಾರನಾಥದಲ್ಲೇ ತೀರಿಕೊಂಡರು, 68 ವರ್ಷ.

ಇನ್ನೂ ಇಪ್ಪತ್ತೈದು ಸಲ ಹುಟ್ಟಿಬಂದು ಧಮ್ಮದ ಕೆಲಸ ಮಾಡಬೇಕೆಂದು ಅವರು ಆಸೆಪಟ್ಟಿದ್ದರು. ಬುದ್ಧ ಮತ್ತು ಅವನ ಧಮ್ಮ ಓದಿದ ನಾವು ಪುನರ್ಜನ್ಮದ ಮಾತನ್ನು ಹಾಗೇ ನುಂಗುವವರಲ್ಲ. ನನಗೆ ಅದು ಲೆಕ್ಕ ಹಾಕಿದ ಹಾಗೆ ಕೇಳಿಸುತ್ತದೆ. ಕೆಲಸ ಎಷ್ಟು ಬಾಕಿ ಇದೆ, ಎಷ್ಟು ಜನರ ಆಯುಸ್ಸು ಬೇಕು ಎಂಬ ಲೆಕ್ಕ. ಬುದ್ಧಗಯೆಯ ಮಟ್ಟಿಗಂತೂ ಬಾಕಿ ಇನ್ನೂ ತೀರಿಲ್ಲ. 1949ರ ಕಾಯ್ದೆಯ ಪ್ರಕಾರ ಆಡಳಿತ ಸಮಿತಿಯಲ್ಲಿ ನಾಲ್ವರು ಬೌದ್ಧರು, ನಾಲ್ವರು ಹಿಂದೂಗಳು, ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷ. ಈ ಕಾಯ್ದೆಯ ವಿರುದ್ಧ ಭಿಕ್ಖುಗಳು 2025ರ ಫೆಬ್ರವರಿಯಲ್ಲಿ ಅಲ್ಲಿ ಉಪವಾಸ ಕೂತದ್ದು ನಿಮ್ಮೆಲ್ಲರ ಮೊಬೈಲಿಗೂ ಬಂದಿತ್ತು.

ಅವರು ಹೋದ ಮೇಲೆ ಮಹಾಬೋಧಿ ಸೊಸೈಟಿಯ ಕೆಲಸವನ್ನು ಹೊತ್ತವರು ಅವರ ಕೈಯಲ್ಲೇ ಬೆಳೆದ ದೇವಪ್ರಿಯ ವಾಲಿಸಿಂಹ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡಾಗ ವಾಲಿಸಿಂಹರು ಅಲ್ಲಿದ್ದರು. ಮರುತಿಂಗಳು ಕಠ್ಮಂಡುವಿನ ಬೌದ್ಧ ಸಮ್ಮೇಳನ ಮುಗಿಸಿ ಮರಳುವಾಗ ಬಾಬಾಸಾಹೇಬರು ಸಾರನಾಥಕ್ಕೂ ಹೋಗಿ ಬಂದರು.

ಜೈ ಭೀಮ್. ನಮೋ ಬುದ್ಧಾಯ.