ತೊಟ್ಟಿ ಮಗುಚಿದ ಸರ್ಜನ್

ಮಳೆಗಾಲ ಬಂತೆಂದರೆ ನಮ್ಮ ಕುಕ್ ಟೌನ್‌ನಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಡ್ರಮ್ಮು, ಹೂಕುಂಡ, ಹಳೇ ಟೈರುಗಳಲ್ಲಿ ನಿಂತ ನೀರನ್ನು ಚೆಲ್ಲಿಸುತ್ತಾರೆ. 1883ರಲ್ಲಿ ಇದೇ ಬೆಂಗಳೂರು ದಂಡಿನಲ್ಲಿ ಒಬ್ಬ ಯುವ ಸರ್ಜನ್ ಈ ಕೆಲಸ ಮಾಡಿದ್ದರು. ಹೆಸರು ರೊನಾಲ್ಡ್ ರಾಸ್.

ಅವರು ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಮನಸ್ಸು ಕವಿತೆ, ಸಂಗೀತದ ಕಡೆಗಿದ್ದರೂ ಸೇನಾಧಿಕಾರಿಯಾಗಿದ್ದ ಅಪ್ಪನ ಹಟಕ್ಕೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿದರು. ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ಇಲ್ಲಿಗೆ ಬಂದಾಗ ಬಂಗಲೆಯಲ್ಲಿ ವಿಪರೀತ ಸೊಳ್ಳೆ ಕಾಟ. ಕಾರಣ ಹುಡುಕಿದರೆ ಕಿಟಕಿಯ ಹೊರಗೊಂದು ನೀರಿನ ತೊಟ್ಟಿ, ಅದರ ತುಂಬ ಮರಿಹುಳುಗಳು. ತೊಟ್ಟಿ ಮಗುಚಿದರು, ಕಾಟ ನಿಂತಿತು. ಅಧಿಕಾರಿಗಳ ಮೆಸ್‌ನಲ್ಲೂ ಹೀಗೇ ಮಾಡೋಣ ಎಂದರೆ ಅಡ್ಜುಟೆಂಟ್ ಒಪ್ಪಲಿಲ್ಲ. ಸೊಳ್ಳೆ ಏನೋ ಒಂದು ಉದ್ದೇಶಕ್ಕೆ ಸೃಷ್ಟಿಯಾಗಿದೆ, ನಾವು ಸಹಿಸಿಕೊಳ್ಳಬೇಕು ಎಂಬುದು ಆತನ ವಾದ! ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ಆಗ ರಾಸ್ ಅವರಿಗೂ ಗೊತ್ತಿರಲಿಲ್ಲ.

ಆ ಗುಮಾನಿಯನ್ನು ಅವರ ತಲೆಗೆ ಹಾಕಿದ್ದು ಪ್ಯಾಟ್ರಿಕ್ ಮ್ಯಾನ್ಸನ್, 1894ರಲ್ಲಿ, ಲಂಡನ್ನಿನಲ್ಲಿ. ಮರುವರ್ಷ ಸಿಕಂದರಾಬಾದಿನಲ್ಲಿ ಸಂಶೋಧನೆ ಶುರು ಮಾಡಿ ಕೆಲವು ತಿಂಗಳಾಗಿತ್ತಷ್ಟೆ, ಬೆಂಗಳೂರಿನಲ್ಲಿ ಕಾಲರಾ ಎಂದು ಸರ್ಕಾರ ಇಲ್ಲಿಗೆ ಕಳಿಸಿತು. ಸರ್ಕಾರದ ಕೆಲಸ ಚರಂಡಿ, ಬಾವಿಗಳದ್ದು. ಸೊಳ್ಳೆಗೆ ಉಳಿದದ್ದು ಬಿಡುವಿನ ಹೊತ್ತು ಮಾತ್ರ.

ಸೊಳ್ಳೆ ಸತ್ತುಬಿದ್ದ ನೀರು ಕುಡಿದರೆ ಜ್ವರ ಬರುತ್ತದೆಂದು ಮ್ಯಾನ್ಸನ್ ನಂಬಿದ್ದರು. ಕಚ್ಚುವುದರಿಂದಲೇ ಬರಬಹುದೇ ಎಂಬುದು ರಾಸ್ ಅನುಮಾನ. ಪರೀಕ್ಷೆಗೆ ತಾವಾಗಿ ಮೈಯೊಡ್ಡಿದವರು ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್. ರಾಸ್ ಬರೆದಿಟ್ಟ ಹೆಸರು ಅಪ್ಪಿಯಾ. ನಮ್ಮ ಬಾಯಲ್ಲಿ ಅಪ್ಪಯ್ಯ ಇರಬೇಕು. ಮಲೇರಿಯಾ ರೋಗಿಯ ರಕ್ತ ಹೀರಿದ ಸೊಳ್ಳೆಗಳಿಂದ ಅವರು ಕಚ್ಚಿಸಿಕೊಂಡರು. ಜನ ಸಾಯುತ್ತಿದ್ದ ಕಾಯಿಲೆ ಅದು. ಜ್ವರ ಬರಲಿಲ್ಲ. ಅಪ್ಪಯ್ಯನವರ ಮನೆಯವರಿಗೆ ನೆಮ್ಮದಿ, ರಾಸ್ ಅವರಿಗೆ ನಿರಾಸೆ ಆಗಿರಬೇಕು. ಅನುಮಾನ ಸರಿಯಾಗಿಯೇ ಇತ್ತು. ಆದರೆ ಕಚ್ಚಿದ್ದು ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆಯಲ್ಲ.

ಸರಿಯಾದ ಸೊಳ್ಳೆ ಸಿಕ್ಕಿದ್ದು ಮತ್ತೆ ಸಿಕಂದರಾಬಾದಿಗೆ ಹೋದ ಮೇಲೆ. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಹುಸೇನ್ ಖಾನ್ ಎಂಬ ರೋಗಿ ರಕ್ತ ಕೊಟ್ಟ. 1897ರ ಆಗಸ್ಟ್ 20ರಂದು ಅಂಥ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿ ಕಾಣಿಸಿತು. ಮರುವರ್ಷ ಕಲ್ಕತ್ತದಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ, ರೋಗ ಹರಡುವುದು ಸೊಳ್ಳೆ ಕಡಿತದಿಂದಲೇ ಎಂದು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ನೊಬೆಲ್‌ಗೆ ಒಂದು ವರ್ಷ ಮೊದಲು ಅವರು ಪಶ್ಚಿಮ ಆಫ್ರಿಕಾದ ಫ್ರೀಟೌನ್‌ಗೆ ಹೋಗಿದ್ದರು. ಅಲ್ಲಿ ಆಳುಗಳ ತಂಡ ಕಟ್ಟಿ, ಬೀದಿಯ ಖಾಲಿ ಡಬ್ಬ, ಬಾಟಲಿಗಳನ್ನೆಲ್ಲ ಹೆಕ್ಕಿಸಿ, ಗುಂಡಿಗಳಿಗೆ ಮಣ್ಣು ತುಂಬಿಸಿದರು. ಬೇಡವೆನ್ನಲು ಅಲ್ಲಿ ಆ ಅಡ್ಜುಟೆಂಟ್ ಇರಲಿಲ್ಲ.