ಕೊಕೊನಿನೋದ ಬೆಕ್ಕು

ಬೆಕ್ಕು ಇಲಿಯನ್ನು ಹಿಡಿಯುತ್ತದೆ, ನಾಯಿ ಬೆಕ್ಕನ್ನು ಅಟ್ಟುತ್ತದೆ. ಇದು ಲೋಕದ ನಿಯಮ. ಈ ನಿಯಮವನ್ನು ತಲೆಕೆಳಗು ಮಾಡಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಒಂದೇ ಕಥೆಯನ್ನು ದಿನದಿನವೂ ಹೇಳುತ್ತ ಬಂದ ಕಲಾವಿದನೊಬ್ಬ ಅಮೆರಿಕದಲ್ಲಿದ್ದ. ಅವನ ಹೆಸರು ಜಾರ್ಜ್ ಹೆರಿಮನ್. ಅವನ ಕಥೆಯಲ್ಲಿ ಕ್ರೇಜಿ ಎಂಬ ಕರಿಯ ಬೆಕ್ಕು ಇಗ್ನಾಟ್ಸ್ ಎಂಬ ಇಲಿಯನ್ನು ಪ್ರೀತಿಸುತ್ತದೆ. ಇಗ್ನಾಟ್ಸನಿಗೋ ಬೆಕ್ಕನ್ನು ಕಂಡರೆ ಆಗದು. ಅದರ ತಲೆಗೆ ಗುರಿಯಿಟ್ಟು ಇಟ್ಟಿಗೆ ಎಸೆಯುವುದೇ ಅವನ ನಿತ್ಯಕರ್ಮ. ಆ ಪೆಟ್ಟನ್ನು ಬೆಕ್ಕು ಪ್ರೇಮದ ಕಾಣಿಕೆಯೆಂದೇ ತಿಳಿದು ಹಿಗ್ಗುತ್ತದೆ. ಊರಿನ ಪೊಲೀಸಿನವನು ಒಬ್ಬ ನಾಯಿ, ಆಫಿಸಾ ಪಪ್. ಬೆಕ್ಕಿನ ಮೇಲೆ ಅವನಿಗೆ ಬಾಯಿಬಿಟ್ಟು ಹೇಳಲಾರದ ಮಮತೆ. ಅವನು ಇಲಿಯನ್ನು ಹಿಡಿದು ಸೆರೆಮನೆಗೆ ಹಾಕುತ್ತಾನೆ. ಮರುದಿನ ಮತ್ತೆ ಇಟ್ಟಿಗೆ.

ಮಿಕ್ಕಿ ಎಂಬ ಇಲಿಯನ್ನು ಅರಿಯದ ಮಗು ಇಂದು ಪಟ್ಟಣಗಳಲ್ಲಿ ಸಿಕ್ಕುವುದು ಅಪರೂಪ. ಕ್ರೇಜಿ ಕ್ಯಾಟ್ ಎಂದರೆ ಮಾತ್ರ ಕಾಲೇಜಿನ ಅಧ್ಯಾಪಕರೂ ಹುಬ್ಬೇರಿಸುತ್ತಾರೆ. ಹೆರಿಮನ್ನನ ಪುಟಗಳ ಸಂಕಲನವೊಂದು ನನ್ನ ಕೈಗೆ ಬಂದಾಗ ಮೊದಲ ಹತ್ತು ಪುಟಗಳಲ್ಲಿ ನಗು ಬರಲಿಲ್ಲ. ಇಪ್ಪತ್ತನೆಯ ಪುಟದ ಹೊತ್ತಿಗೆ ಪುಸ್ತಕವನ್ನು ಕೆಳಗಿಡುವುದೇ ಕಷ್ಟವಾಯಿತು. ನಮ್ಮ ದುರ್ಗಸಿಂಹನ ಪಂಚತಂತ್ರದಲ್ಲಿ ಪ್ರಾಣಿಗಳು ಮಾತನಾಡುವುದು ನೀತಿಯನ್ನು ತಿಳಿಸುವುದಕ್ಕಾಗಿ. ಹೆರಿಮನ್ನನ ಪ್ರಾಣಿಗಳು ಏನನ್ನೂ ಕಲಿಸುವುದಿಲ್ಲ, ತಾವೂ ಏನನ್ನೂ ಕಲಿಯುವುದಿಲ್ಲ. ಅವುಗಳ ಸೊಗಸೆಲ್ಲ ಅಲ್ಲಿಯೇ ಇದೆ.

ಹೆರಿಮನ್ ಹುಟ್ಟಿದ್ದು 1880ರ ಆಗಸ್ಟ್ 22ರಂದು, ಅಮೆರಿಕದ ದಕ್ಷಿಣ ಭಾಗದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ಮನೆತನದ ಕಸುಬು ದರ್ಜಿಗೆಲಸ. ಅಲ್ಲಿ ಕ್ರಿಯೋಲರೆಂಬ ಒಂದು ಜನವಿತ್ತು. ಫ್ರೆಂಚರ ರಕ್ತವೂ ಆಫ್ರಿಕದವರ ರಕ್ತವೂ ಬೆರೆತು, ಫ್ರೆಂಚ್ ಭಾಷೆ, ಕುಶಲ ಕಸುಬು, ಸಂಗೀತ, ವಿದ್ಯೆಗಳಲ್ಲಿ ಮುಂದಾಗಿದ್ದ ಜನ. ಅವರಲ್ಲಿ ಅನೇಕರು ಗುಲಾಮಗಿರಿ ಕೊನೆಗೊಳ್ಳುವುದಕ್ಕೆ ಮೊದಲೇ ಸ್ವತಂತ್ರರಾಗಿದ್ದರು. ಹೆರಿಮನ್ನನ ಮನೆತನ ಈ ಜನಕ್ಕೆ ಸೇರಿದ್ದು. 1890ರಲ್ಲಿ ಆ ರಾಜ್ಯದ ಶಾಸನಸಭೆ ರೈಲಿನಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಡಬ್ಬಿಗಳಿರಬೇಕೆಂದು ಕಾನೂನು ಮಾಡಿತು. ಅದನ್ನು ಪ್ರತಿಭಟಿಸಿ 1892ರಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತು ಬಂಧನಕ್ಕೊಳಗಾದ ಹೋಮರ್ ಪ್ಲೆಸಿ ಇದೇ ಸಮುದಾಯದವನು. ಅವನ ಮೊಕದ್ದಮೆ 1896ರಲ್ಲಿ ಅಮೆರಿಕದ ಅತ್ಯುಚ್ಚ ನ್ಯಾಯಾಲಯದಲ್ಲಿ ಸೋತು, ಜನಾಂಗ ಜನಾಂಗವನ್ನು ಬೇರ್ಪಡಿಸುವ ಪದ್ಧತಿ ದೇಶದ ನ್ಯಾಯವೇ ಆಗಿಹೋಯಿತು. ಹೆರಿಮನ್ನರು ಆ ತೀರ್ಪಿನವರೆಗೆ ಕಾಯಲಿಲ್ಲ. ಹುಡುಗನಿಗೆ ಹತ್ತು ವರ್ಷವಾಗಿದ್ದಾಗಲೇ ಸಂಸಾರ ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸಿಗೆ ಹೊರಟುಹೋಯಿತು.

ದೂರದ ಊರು, ತಿಳಿಯಾದ ಮೈಬಣ್ಣ. ಅಲ್ಲಿ ಅವರನ್ನು ಬಿಳಿಯರೆಂದೇ ಜನ ಎಣಿಸಿದರು. ಅವರೂ ಹಾಗೆಯೇ ಬಾಳಿದರು. ಮುಂದೆ ಪತ್ರಿಕಾ ಕಚೇರಿಯ ಗೆಳೆಯರು ಹೆರಿಮನ್ನನನ್ನು ಗ್ರೀಕನೆಂದು ಕರೆಯುತ್ತಿದ್ದರು. ಫ್ರೆಂಚನೆಂದು ತಿಳಿದವರೂ ಇದ್ದರು. ಅವನು ಯಾರ ಮಾತನ್ನೂ ಅಲ್ಲಗಳೆಯುವ ಗೋಜಿಗೆ ಹೋಗಲಿಲ್ಲ. ಅವನ ಭಾವಚಿತ್ರಗಳಲ್ಲಿ ಬಹುಮಟ್ಟಿಗೆ ಎಲ್ಲದರಲ್ಲಿಯೂ ತಲೆಯ ಮೇಲೆ ಹ್ಯಾಟು ಇರುತ್ತದೆ. ಗುಂಗುರು ಕೂದಲನ್ನು ಮರೆಸುವುದಕ್ಕೆ ಎಂದು ಅವನನ್ನು ಬಲ್ಲವರು ಊಹಿಸಿದ್ದಾರೆ. 1944ರಲ್ಲಿ ಅವನು ತೀರಿಕೊಂಡಾಗ ಮರಣಪತ್ರದಲ್ಲಿ ಬಿಳಿಯನೆಂದೇ ದಾಖಲೆಯಾಯಿತು. ಇಪ್ಪತ್ತೇಳು ವರ್ಷಗಳು ಕಳೆದ ಮೇಲೆ, 1971ರಲ್ಲಿ, ಆರ್ಥರ್ ಏಸಾ ಬರ್ಜರ್ ಎಂಬ ವಿದ್ವಾಂಸ ಜೀವನಚರಿತ್ರೆಯ ಕೋಶವೊಂದಕ್ಕೆ ಲೇಖನ ಬರೆಯಲೆಂದು ನ್ಯೂ ಆರ್ಲಿಯನ್ಸಿನಿಂದ ಜನನಪತ್ರವನ್ನು ತರಿಸಿಕೊಂಡ. ಅದರಲ್ಲಿ ಕೂಸನ್ನು ವರ್ಣೀಯನೆಂದು ಬರೆದಿತ್ತು. ಹುಟ್ಟಿನ ಕಾಗದ ಒಂದು ಹೇಳಿತು, ಸಾವಿನ ಕಾಗದ ಮತ್ತೊಂದು ಹೇಳಿತು. ನಡುವೆ ಅರುವತ್ತಮೂರು ವರ್ಷಗಳ ಬಾಳು.

ಆ ಬಾಳಿನ ಮೊದಲ ಭಾಗದಲ್ಲಿ ಹೇಳಿಕೊಳ್ಳುವಂಥದು ಹೆಚ್ಚಿಲ್ಲ. ಲಾಸ್ ಏಂಜಲೀಸಿನ ಪತ್ರಿಕೆಯಲ್ಲಿ ಸಣ್ಣಪುಟ್ಟ ಕೆಲಸ, ಇಪ್ಪತ್ತರ ವಯಸ್ಸಿನಲ್ಲಿ ನ್ಯೂ ಯಾರ್ಕಿಗೆ ಪ್ರಯಾಣ, 1902ರಲ್ಲಿ ಮೇಬಲ್ ಬ್ರಿಜ್ ಎಂಬವಳೊಡನೆ ಮದುವೆ. ಬಗೆಬಗೆಯ ಚಿತ್ರಮಾಲೆಗಳನ್ನು ಆರಂಭಿಸಿ ಕೆಲವೇ ವಾರಗಳಲ್ಲಿ ಕೈಬಿಟ್ಟ. ಅವುಗಳಲ್ಲಿ ಒಂದನ್ನು ಮಾತ್ರ ಹೆಸರಿಸಬೇಕು. 1902ರ ‘ಮ್ಯೂಸಿಕಲ್ ಮೋಸ್’ ಎಂಬುದರ ನಾಯಕ ಒಬ್ಬ ಕರಿಯ ಸಂಗೀತಗಾರ. ಬೇರೆ ಬೇರೆ ಜನದವನಂತೆ ವೇಷ ಹಾಕಿ ವಾದ್ಯ ನುಡಿಸಿ ಹೊಟ್ಟೆ ಹೊರೆಯಲು ನೋಡುತ್ತಾನೆ. ಗುಟ್ಟು ಬಯಲಾಗಿ ಒದೆ ತಿನ್ನುತ್ತಾನೆ. ಆ ಕಾಲದ ಒರಟು ಹಾಸ್ಯದಲ್ಲಿ ಇದೂ ಒಂದೆಂದು ಓದಿದವರು ನಕ್ಕು ಮರೆತಿರಬೇಕು. ಬರೆದವನು ಇಪ್ಪತ್ತೊಂದರ ತರುಣ. ಅದೇ ಒದೆಯ ಭಯದಲ್ಲಿ ಬದುಕುತ್ತಿದ್ದವನು.

ಬೆಕ್ಕು ಹುಟ್ಟಿದ್ದು 1910ರಲ್ಲಿ, ಅದೂ ಆಕಸ್ಮಿಕವಾಗಿ. ಆ ವರ್ಷದ ಜೂನಿನಿಂದ ಹೆರಿಮನ್ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟನ ನ್ಯೂ ಯಾರ್ಕ್ ಪತ್ರಿಕೆಗೆ ಡಿಂಗ್‌ಬ್ಯಾಟ್ ಎಂಬ ಸಂಸಾರದ ಕಥೆಯನ್ನು ಚಿತ್ರಿಸುತ್ತಿದ್ದ. ಚೌಕಗಳ ತಳದಲ್ಲಿ ಒಂದಿಷ್ಟು ಜಾಗ ಬರಿದಾಗಿ ಉಳಿಯುತ್ತಿತ್ತು. ಅದನ್ನು ತುಂಬಿಸಲು ಮನೆಯ ಬೆಕ್ಕನ್ನೂ ಒಂದು ಇಲಿಯನ್ನೂ ಅಲ್ಲಿ ಬಿಡಿಸಿದ. ಜುಲೈ 26ರಂದು ಆ ಇಲಿ ಬೆಕ್ಕಿನ ತಲೆಗೆ ಏನನ್ನೋ ಬೀಸಿ ಒಗೆಯಿತು. ಮೇಲೆ ಮನುಷ್ಯರ ನಾಟಕ, ಕೆಳಗೆ ಕಾಲಬುಡದಲ್ಲಿ ಪ್ರಾಣಿಗಳ ನಾಟಕ. ಓದುಗರ ಕಣ್ಣು ಕೆಳಗೇ ಹೋಗತೊಡಗಿತು. 1913ರ ಅಕ್ಟೋಬರ್ 28ರಿಂದ ಬೆಕ್ಕಿಗೆ ಸ್ವಂತ ಚಿತ್ರಮಾಲೆ ದೊರೆಯಿತು, 1916ರ ಏಪ್ರಿಲ್ 23ರಿಂದ ಭಾನುವಾರದ ಇಡೀ ಪುಟ.

ಅದೇ 1910ರ ಜುಲೈ 4ರಂದು ಇನ್ನೊಂದು ಘಟನೆ ನಡೆದಿತ್ತು. ಕರಿಯ ಮುಷ್ಟಿಮಲ್ಲ ಜ್ಯಾಕ್ ಜಾನ್ಸನ್ ರೀನೋ ಎಂಬ ಊರಿನಲ್ಲಿ ಬಿಳಿಯ ಜೆಫ್ರೀಸನನ್ನು ಸೋಲಿಸಿದ. ಅದನ್ನು ಸಹಿಸದ ಬಿಳಿಯರು ಹಲವು ನಗರಗಳಲ್ಲಿ ಕರಿಯರ ಮೇಲೆ ಬಿದ್ದರು, ಕೊಲೆಗಳಾದವು. ಮುಷ್ಟಿಯುದ್ಧದ ಚಿತ್ರಗಳನ್ನು ಬರೆಯುವುದು ಆಗ ಹೆರಿಮನ್ನನ ಉದ್ಯೋಗದ ಒಂದು ಭಾಗ. ಮೂರು ವಾರಗಳ ಅನಂತರ ಅವನ ಇಲಿ ಕರಿಯ ಬೆಕ್ಕಿಗೆ ಹೊಡೆಯಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳಲಾರೆ. ಆದರೆ ಎರಡೂ ಒಂದೇ ತಿಂಗಳಿನವು ಎಂಬುದನ್ನು ತಿಳಿದ ಮೇಲೆ ಮರೆಯಲೂ ಆರೆ.

ಇಂಗ್ಲಿಷಿನಲ್ಲಿ ಈ ಕಥೆಯನ್ನು ಹೇಳುವವರಿಗೆ ಒಂದು ತೊಡಕಿದೆ. ಕ್ರೇಜಿ ಗಂಡೋ ಹೆಣ್ಣೋ? ಇಲಿಗೆ ಹೆಂಡತಿ ಮಕ್ಕಳಿದ್ದಾರೆ, ನಾಯಿ ಗಂಡೆಂಬುದರಲ್ಲಿ ಸಂಶಯವಿಲ್ಲ. ಬೆಕ್ಕನ್ನು ಮಾತ್ರ ಹೆರಿಮನ್ ಒಂದು ದಿನ ಅವನು ಎನ್ನುತ್ತಾನೆ, ಇನ್ನೊಂದು ದಿನ ಅವಳು ಎನ್ನುತ್ತಾನೆ. ಕೇಳಿದವರಿಗೆ ಅದು ಒಂದು ಯಕ್ಷಿಣಿಯಂಥದು, ಅದಕ್ಕೆ ಗಂಡು ಹೆಣ್ಣೆಂಬುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟನಂತೆ. ಕನ್ನಡದಲ್ಲಿ ಬರೆಯುವ ನನಗೆ ಈ ತೊಡಕು ಕಾಣುವುದೇ ಇಲ್ಲ. ‘ಅದು’ ಎಂದರೆ ತೀರಿತು. ತೀರಿತು ಎನ್ನುವಾಗಲೇ ಏನೋ ಕಳೆದುಹೋಗುತ್ತದೆಂಬ ಅಳುಕೂ ಇದೆ. ನಮ್ಮ ನಪುಂಸಕಲಿಂಗದಲ್ಲಿ ಬೆಕ್ಕು ಬರಿಯ ಬೆಕ್ಕಾಗುತ್ತದೆ. ಅವನಲ್ಲಿ ಅದು ಇಂದು ಇದು, ನಾಳೆ ಅದು; ಯಾವುದಾದರೊಂದು ಆಗಲೇಬೇಕೆಂಬ ಬಲವಂತಕ್ಕೆ ಸಿಕ್ಕದ ಜೀವ.

ಅದರ ಭಾಷೆಯೂ ಅಂಥದೇ. ನ್ಯೂ ಯಾರ್ಕಿನ ಬೀದಿಯ ಇಂಗ್ಲಿಷು, ಯಹೂದ್ಯರ ಯಿಡ್ಡಿಷ್, ಸ್ಪ್ಯಾನಿಷ್, ಕ್ರಿಯೋಲರ ನುಡಿ, ನಡುನಡುವೆ ಷೇಕ್ಸ್‌ಪಿಯರನ ಗತ್ತು, ಎಲ್ಲವನ್ನೂ ಕಲಸಿ ಮಾಡಿದ ಮಾತು. ಕಾಗುಣಿತವೆಲ್ಲ ಕಿವಿಗೆ ಕೇಳಿಸಿದಂತೆ. ಅನುವಾದಕ್ಕೆ ಒಗ್ಗದ ಈ ಮಾತೇ ಬೆಕ್ಕು ಮರೆವಿಗೆ ಸಂದುದಕ್ಕೆ ಒಂದು ಕಾರಣವಿರಬೇಕು. ಮಿಕ್ಕಿಗೆ ಮಾತಿನ ಹಂಗಿಲ್ಲ. ಕ್ರೇಜಿಯ ಅರ್ಧ ಪ್ರಾಣ ಮಾತಿನಲ್ಲಿದೆ.

ಉಳಿದ ಅರ್ಧ ಇರುವುದು ನೆಲದಲ್ಲಿ. ಆರಿಜೋನದ ಉತ್ತರಕ್ಕೆ ಕೊಕೊನಿನೋ ಎಂಬ ಜಿಲ್ಲೆಯಿದೆ. ಅದರ ಆಚೆ, ಯೂಟಾ ರಾಜ್ಯದ ಗಡಿಯಲ್ಲಿ, ಮಾನ್ಯುಮೆಂಟ್ ವ್ಯಾಲಿ. ಕೆಂಪು ಮರಳಿನ ಬಯಲಿನಿಂದ ಗೋಪುರಗಳಂತೆ, ಮುರಿದ ಕೋಟೆಗಳಂತೆ ಎದ್ದ ಬಂಡೆಗಳು. ನವಾಹೋ ಜನರ ನಾಡು. ಹೆರಿಮನ್ ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತಿದ್ದ, ಕಯೆಂಟ ಎಂಬ ಪುಟ್ಟ ಊರಿನಲ್ಲಿ ತಂಗುತ್ತಿದ್ದ. ಅವನ ಕಥೆ ನಡೆಯುವುದೆಲ್ಲ ಆ ನೆಲದಲ್ಲಿಯೇ. ನವಾಹೋ ಕಂಬಳಿಯ ಹೆಣಿಗೆಗಳು ಅವನ ಮರಗಳ ಮೇಲೂ ಕುಂಡಗಳ ಮೇಲೂ ಮೂಡಿದವು. ನೋಡುವವನನ್ನು ಬೆರಗುಗೊಳಿಸುವುದು ಮತ್ತೊಂದು ಸಂಗತಿ. ಇಲಿ ಮತ್ತು ಬೆಕ್ಕು ನಿಂತಲ್ಲಿಯೇ ನಿಂತು ಮಾತನಾಡುತ್ತಿರುತ್ತವೆ. ಒಂದು ಚೌಕದಲ್ಲಿ ಹಿಂದೆ ಗುಡ್ಡ, ಮುಂದಿನದರಲ್ಲಿ ಅದೇ ಜಾಗದಲ್ಲಿ ಮರ, ಅದರ ಮುಂದಿನದರಲ್ಲಿ ಕಲ್ಲಂಗಡಿಯ ಹೋಳಿನಂಥ ಚಂದ್ರ. ಹಗಲು ಇರುಳಾಗುತ್ತದೆ. ಯಾರೂ ತಲೆಯೆತ್ತಿ ನೋಡುವುದಿಲ್ಲ, ಏಕೆ ಹೀಗೆಂದು ಯಾರೂ ಕೇಳುವುದಿಲ್ಲ. ಒಬ್ಬ ಮನುಷ್ಯನನ್ನು ಒಂದೇ ಮಾತಿನಿಂದ, ಒಂದೇ ಕಾಗದದಿಂದ ಕೊನೆಯವರೆಗೂ ಕಟ್ಟಿಹಾಕುವ ದೇಶದಲ್ಲಿ ಅವನು ಈ ಬಯಲನ್ನು ಮಾಡಿಕೊಂಡ.

ಬಣ್ಣದ ಮಾತು ಈ ಬಯಲಿಗೆ ಬರುವುದೇ ಇಲ್ಲವೆಂದಲ್ಲ. ಒಂದು ಪುಟದಲ್ಲಿ ಕ್ರೇಜಿ ಹೇಗೋ ಬೆಳ್ಳಗಾಗಿ ಕಾಣಿಸಿಕೊಳ್ಳುತ್ತದೆ. ಇಗ್ನಾಟ್ಸನಿಗೆ ಗುರುತು ಸಿಕ್ಕುವುದಿಲ್ಲ. ಆ ಶ್ವೇತಸುಂದರಿಗೆ ಮನಸೋಲುತ್ತಾನೆ. ನಿಜ ತಿಳಿದೊಡನೆ ಇಟ್ಟಿಗೆ ಹುಡುಕುತ್ತಾನೆ. 1971ಕ್ಕೆ ಮುಂಚೆ ಇದು ಒಂದು ನಗೆಚಾಟಿಕೆ. ಅನಂತರ ಹಾಗೆ ಓದುವುದು ಯಾರಿಂದಲೂ ಆಗದು. ಕೆಲವು ವಿಮರ್ಶಕರು ಇನ್ನೂ ಮುಂದೆ ಹೋಗಿ ಪುಟಪುಟದಲ್ಲೂ ಗುಪ್ತಲಿಪಿಯನ್ನು ಕಾಣುತ್ತಾರೆ. ಅಲ್ಲಿ ಅವರೊಡನೆ ನಾನು ಹೋಗಲಾರೆ. ಪೆಟ್ಟು ತಿಂದ ಬೆಕ್ಕಿನ ತಲೆಯ ಮೇಲೆ ಹೆರಿಮನ್ ಬಿಡಿಸುವ ಆ ಪುಟ್ಟ ಹೃದಯದ ಗುರುತಿದೆಯಲ್ಲ, ಅದರಲ್ಲಿ ಕಹಿಯ ಲೇಶವಿಲ್ಲ. ದ್ವೇಷವನ್ನು ಪ್ರೀತಿಯೆಂದು ತಪ್ಪಾಗಿ ಓದುವುದು ಬೆಕ್ಕಿನ ದಡ್ಡತನವೋ, ಅದರ ಗೆಲವೋ ಎಂದು ಅವನು ಹೇಳುವುದಿಲ್ಲ. ಇಲಿಯಂತೂ ಎಸೆದು ಎಸೆದು ಆ ಬೆಕ್ಕಿಲ್ಲದೆ ಬದುಕಲಾರದವನಾಗಿದ್ದಾನೆ.

ಪಂಡಿತರು ಅವನನ್ನು ಬೇಗ ಗುರುತಿಸಿದರು. 1921ರಲ್ಲಿ ಜಾನ್ ಆಲ್ಡೆನ್ ಕಾರ್ಪೆಂಟರ್ ಎಂಬ ಸಂಗೀತ ರಚನಕಾರ ಕ್ರೇಜಿಯನ್ನು ಕುರಿತು ನೃತ್ಯನಾಟಕ ರಚಿಸಿದ. ನ್ಯೂ ಯಾರ್ಕಿನಲ್ಲಿ ಅದು ರಂಗಕ್ಕೆ ಬಂದಾಗ ಹಿನ್ನೆಲೆಯ ಪರದೆಗಳನ್ನು ಹೆರಿಮನ್ನನೇ ಚಿತ್ರಿಸಿದ. 1924ರಲ್ಲಿ ವಿಮರ್ಶಕ ಗಿಲ್ಬರ್ಟ್ ಸೆಲ್ಡೀಸ್ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಈ ಬೆಕ್ಕಿಗೆ ಮೀಸಲಿಟ್ಟು, ಅಮೆರಿಕದ ಅಂದಿನ ಕಲೆಯಲ್ಲಿ ಇದಕ್ಕೆ ಸಮನಾದುದಿಲ್ಲವೆಂಬಂತೆ ಹೊಗಳಿದ. ಸಾಮಾನ್ಯ ಓದುಗರು ಅಷ್ಟು ಒಲಿಯಲಿಲ್ಲ. ಸಂಪಾದಕರಿಗೆ ಅದು ತಲೆನೋವು, ತೆಗೆದುಹಾಕಲು ನೋಡಿದವರುಂಟು. ತಡೆದವನು ಒಡೆಯನಾದ ಹರ್ಸ್ಟ್. ರೋಚಕ ಸುದ್ದಿಗೆ, ಯುದ್ಧೋನ್ಮಾದಕ್ಕೆ ಹೆಸರಾದ ಆ ಮನುಷ್ಯನ ಮೇಲಿರುವ ದೂರುಗಳು ಒಂದೆರಡಲ್ಲ. ಆದರೆ ಈ ಬೆಕ್ಕನ್ನು ಅವನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಚಲನಚಿತ್ರದವರೂ ಕ್ರೇಜಿಯನ್ನು ಕೊಂಡೊಯ್ದರು. 1916ರಿಂದಲೇ ಚಿಕ್ಕ ಚಿತ್ರಗಳು ಬಂದವು. ಮುಂದೆ ಬಂದವುಗಳಲ್ಲಿ ಇಟ್ಟಿಗೆಯೂ ಇಲ್ಲ, ಬಯಲೂ ಇಲ್ಲ, ಆಗಿನ ಜನಪ್ರಿಯ ಇಲಿಯ ನಕಲಿನಂಥ ಒಂದು ಬೆಕ್ಕು ಕುಣಿಯಿತು. ಅವುಗಳ ಬಗ್ಗೆ ಹೆಚ್ಚು ಬರೆಯಬೇಕಾದುದಿಲ್ಲ.

ಹೆರಿಮನ್ ನಾಚಿಕೆಯ ಸ್ವಭಾವದವನು, ಸಭೆಗಳಿಂದ ದೂರ. ಹಾಲಿವುಡ್ಡಿನ ಗುಡ್ಡದ ಮನೆಯಲ್ಲಿ ಬೆಕ್ಕು ನಾಯಿಗಳ ದೊಡ್ಡ ಸಂಸಾರವೇ ಇತ್ತು. 1931ರಲ್ಲಿ ಹೆಂಡತಿ ಮೋಟಾರು ಅಪಘಾತದಿಂದ ತೀರಿಕೊಂಡಳು. ಅವನು ಮರುಮದುವೆಯಾಗಲಿಲ್ಲ. 1939ರಲ್ಲಿ ಕಿರಿಯ ಮಗಳೂ ಹೋದಳು. ಆ ವರ್ಷಗಳಲ್ಲಿಯೂ ಇಟ್ಟಿಗೆ ನಿಲ್ಲಲಿಲ್ಲ. 1935ರಿಂದ ಭಾನುವಾರದ ಪುಟ ಬಣ್ಣದಲ್ಲಿ ಬರತೊಡಗಿತ್ತು. ಕೈ ಸೋಲುತ್ತಿದ್ದ ಆ ಕಾಲದ ಗೆರೆ ಒರಟು, ಗೀಚಿದಂತಿದೆ. ಬಣ್ಣ ಮಾತ್ರ ಸಂಜೆಯ ಮರಳುಗಾಡಿನಂತೆ ಉರಿಯುತ್ತದೆ. ನನ್ನ ಮಟ್ಟಿಗೆ ಅವನ ಅತ್ಯುತ್ತಮ ಪುಟಗಳು ಇವೇ.

1944ರ ಏಪ್ರಿಲ್ 25ರಂದು ಹೆರಿಮನ್ ನಿದ್ರೆಯಲ್ಲಿಯೇ ತೀರಿಕೊಂಡ. ಆ ಹೊತ್ತಿಗೆ ಅವನ ಬೆಕ್ಕನ್ನು ಪ್ರಕಟಿಸುತ್ತಿದ್ದ ಪತ್ರಿಕೆಗಳು ಸುಮಾರು ಮೂವತ್ತೈದು ಎಂದು ಲೆಕ್ಕ ಹೇಳುತ್ತಾರೆ. ಕಲಾವಿದ ಸತ್ತರೆ ಇನ್ನೊಬ್ಬನನ್ನು ಕೂರಿಸಿ ಚಿತ್ರಮಾಲೆಯನ್ನು ಮುಂದುವರಿಸುವುದು ಆ ವೃತ್ತಿಯ ವಾಡಿಕೆ. ಹರ್ಸ್ಟ್ ಹಾಗೆ ಮಾಡಲಿಲ್ಲ. ಎರಡು ವರ್ಷಗಳ ಮೇಲೆ ಹೊರಬಂದ ಮೊದಲ ಸಂಕಲನಕ್ಕೆ ಕವಿ ಇ. ಇ. ಕಮಿಂಗ್ಸ್ ಮುನ್ನುಡಿ ಬರೆದ. 1972ರಲ್ಲಿ ಕಾದಂಬರಿಕಾರ ಇಷ್‌ಮೇಲ್ ರೀಡ್ ತನ್ನ ‘ಮಂಬೋ ಜಂಬೋ’ವನ್ನು ಅರ್ಪಿಸುವಾಗ ಹೆರಿಮನ್ನನನ್ನು ಆಫ್ರಿಕ ಮೂಲದ ಅಮೆರಿಕನ್ನನೆಂದು ಹೆಸರಿಟ್ಟು ಕರೆದ. ಮೈಕೇಲ್ ಟಿಸರಂಡ್ ಬರೆದ ವಿಸ್ತಾರವಾದ ಜೀವನಚರಿತ್ರೆ 2016ರಲ್ಲಿ ಬಂದಿತು. ಅದರಿಂದ ಮನೆತನದ ಕಥೆ ಇನ್ನಷ್ಟು ತಿಳಿಯಾಯಿತು.

ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಮಾನ್ಯುಮೆಂಟ್ ವ್ಯಾಲಿಯಲ್ಲಿ ಚೆಲ್ಲಿದರು. ಬರೆಯುವ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ, ಮಸಿ ತುಂಬದ ಚಿತ್ರಗಳು ಉಳಿದಿದ್ದವು. ಮುಗಿಸಿ ಕಳುಹಿಸಿದ್ದ ಕೊನೆಯ ಭಾನುವಾರದ ಪುಟ ಜೂನ್ 25ರಂದು ಅಚ್ಚಾಯಿತು. ಅದರಲ್ಲಿ ಕ್ರೇಜಿ ನೀರಿನಲ್ಲಿ ಮುಳುಗಿದೆ. ಆಫಿಸಾ ಪಪ್ ನೀರಿಗಿಳಿದು ಬೆಕ್ಕನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಬರುತ್ತಾನೆ. ಬೆಕ್ಕಿಗೆ ಜೀವವಿದೆಯೋ ಇಲ್ಲವೋ ಚಿತ್ರದಿಂದ ತಿಳಿಯುವುದಿಲ್ಲ.