ಪತ್ತಿಕೊಂಡದಲ್ಲಿ ಕೊನೆಯುಸಿರೆಳೆದ ಗವರ್ನರ್ ಥಾಮಸ್ ಮನ್ರೋ

ಹೊಳಗುಂದದಿಂದ ಆಲೂರು ದಾರಿ ಹಿಡಿದು ಪೂರ್ವಕ್ಕೆ ಹೋದರೆ ಪತ್ತಿಕೊಂಡ ಸಿಗುತ್ತದೆ. 1827ರ ಜುಲೈ 6ರಂದು ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಕಾಲರಾ ರೋಗಕ್ಕೆ ತುತ್ತಾಗಿ ಸತ್ತದ್ದು ಈ ಊರಿನಲ್ಲಿ. ನಮ್ಮ ಸೀಮೆಯ ಹೊಲಗಳಿಗೆ ರೈತರ ಹೆಸರಿನಲ್ಲಿ ಪಟ್ಟಾ ಕೊಡುವ ಪದ್ಧತಿಯನ್ನು ತಂದವನು ಈತ. ಪಾಳೇಗಾರರನ್ನು ಅಡಗಿಸಿ ಕಂಪನಿಯ ಬೊಕ್ಕಸ ತುಂಬಿಸಿದವನೂ ಈತನೇ. ಎರಡನ್ನೂ ಸೇರಿಸಿ ನೋಡಿದರೆ ಮಾತ್ರ ಈತನ ಬದುಕು ಅರ್ಥವಾಗುತ್ತದೆ.

ಸಾಹುಕಾರನ ಮಗ ಸಿಪಾಯಿಯಾದ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ತಂದೆ ಅಲೆಗ್ಸಾಂಡರ್ ಮನ್ರೋ ಅಮೆರಿಕದೊಂದಿಗೆ ವ್ಯಾಪಾರ ಮಾಡುತ್ತಿದ್ದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಆ ವ್ಯಾಪಾರ ಮುಳುಗಿತು, ಮನೆತನ ಬಡವಾಯಿತು. ಹೀಗಾಗಿ ಮಗ ಈಸ್ಟ್ ಇಂಡಿಯಾ ಕಂಪನಿಯ ದಂಡಿಗೆ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದ. ಆಗ ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಕಿವಿಯೂ ಸ್ವಲ್ಪ ಮಂದ.

ಬಂದ ವರ್ಷವೇ ಹೈದರಾಲಿಯೊಂದಿಗೆ ಯುದ್ಧ ಶುರುವಾಯಿತು. ಮುಂದೆ ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧಗಳಲ್ಲೂ ಮನ್ರೋ ಇದ್ದ. ಸಂಬಳ ಕಡಿಮೆ ಇದ್ದರೂ ಅಣ್ಣತಮ್ಮಂದಿರು ಕೂಡಿ ಊರಿನ ತಂದೆಗೆ ಹಣ ಕಳಿಸುತ್ತಿದ್ದರು. ಬಿಡುವಿನಲ್ಲಿ ಪರ್ಷಿಯನ್, ಹಿಂದೂಸ್ತಾನಿ ಕಲಿತ. ತಂಗಿ ಅರ್ಸ್ಕಿನ್‌ಗೆ ಬರೆದ ಕಾಗದಗಳಲ್ಲಿ ತನ್ನ ಕಷ್ಟವನ್ನು ತಾನೇ ನಗೆಯಾಡಿಕೊಳ್ಳುತ್ತಿದ್ದ.

1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಪ್ರಾಂತ ಕಂಪನಿಗೆ ಬಂತು. ಇಂದಿನ ಸೇಲಂ, ಧರ್ಮಪುರಿ, ಕೃಷ್ಣಗಿರಿ ಕಡೆಯ ಸೀಮೆ ಅದು. ಅಲ್ಲಿ ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್‌ನ ಕೈಕೆಳಗೆ ಮನ್ರೋ ಏಳು ವರ್ಷ ಕಂದಾಯದ ಕೆಲಸ ಕಲಿತ. ನಡುವಿನ ಗುತ್ತಿಗೆದಾರನಿಲ್ಲದೆ ಸರ್ಕಾರವೇ ರೈತನೊಂದಿಗೆ ನೇರವಾಗಿ ಲೆಕ್ಕ ಮಾಡಿಕೊಳ್ಳುವ ರೈತವಾರಿ ಪದ್ಧತಿ ಬೆಳೆದದ್ದು ಅಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನನ್ನು ಕೆನರಾ ಜಿಲ್ಲೆಗೆ ಕಳಿಸಿದರು. ಅಲ್ಲಿನ ಮಳೆ, ಕೆಲಸದ ಹೊರೆ ಎರಡೂ ಅವನಿಗೆ ಸಾಕಾಗಿ ಹೋದವು.

ನಮ್ಮ ಸೀಮೆಯಲ್ಲಿ ಏಳು ವರ್ಷ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಆದೋನಿ, ಗುತ್ತಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಇದೇ ದತ್ತ ಮಂಡಲ. ರಾಯಲಸೀಮೆ ಎಂಬ ಹೆಸರು ಬಂದದ್ದು ಬಹಳ ತಡವಾಗಿ, 1928ರಲ್ಲಿ. ಈ ಇಡೀ ಪ್ರದೇಶಕ್ಕೆ ಮನ್ರೋ ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದ. ಅನಂತಪುರವನ್ನು ಕೇಂದ್ರ ಮಾಡಿಕೊಂಡರೂ ವರ್ಷದ ಬಹುಕಾಲ ಡೇರೆಯಲ್ಲೇ ಕಳೆಯುತ್ತಿದ್ದ.

ಆಗ ಇಲ್ಲಿ ಸುಮಾರು ಎಂಬತ್ತು ಮಂದಿ ಪಾಳೇಗಾರರಿದ್ದರು. ಅವರ ಬಂಟರಿಂದ ಹಳ್ಳಿಗಳಿಗೆ ನೆಮ್ಮದಿ ಇರಲಿಲ್ಲ. ಮನ್ರೋ ಅವರ ದಂಡು ಕಿತ್ತು ಹಾಕಿದ. ಹಲವರ ಪಾಳ್ಯಗಳು ಹೋದವು, ಕೆಲವರು ಪಿಂಚಣಿದಾರರಾದರು. ಈ ಕಠಿಣ ಕ್ರಮವನ್ನು ಲಂಡನ್ನಿನ ಕಂಪನಿ ನಿರ್ದೇಶಕರೇ ಆಕ್ಷೇಪಿಸಿದರು.

ಕಂದಾಯದ ವಿಷಯದಲ್ಲಿ ಹಳ್ಳಿಗರೂ ಸುಮ್ಮನೆ ತಲೆಬಾಗಲಿಲ್ಲ. 1801ರಲ್ಲಿ ಆಗಿನ ಆದೋನಿ ಸೀಮೆಯ ತೆರ್ನೇಕಲ್ಲು ಗ್ರಾಮದವರು ವಸೂಲಿಗೆ ಬಂದ ಅಮಲ್ದಾರನನ್ನು ಕೊಂದು ಕೋಟೆಯ ಬಾಗಿಲು ಮುಚ್ಚಿಕೊಂಡರು. ಕಂಪನಿಯ ದಂಡು ಮೊದಲ ದಾಳಿಯಲ್ಲಿ ಸೋತು ಹಿಂದೆ ಸರಿಯಿತು. ಮತ್ತೆ ತೋಪು ತಂದು ಊರನ್ನು ಹಿಡಿದರು. ಮನ್ರೋನ ಹೆಸರಿನೊಂದಿಗೆ ಈ ಊರಿನ ಹೆಸರನ್ನೂ ನೆನೆಯಬೇಕು.

1802ರಿಂದ ಹೊಲಗಳ ಅಳತೆ ಶುರುವಾಯಿತು. 33 ಅಡಿ ಉದ್ದದ ಸರಪಳಿ ಹಿಡಿದು ಮೋಜಣಿದಾರರು ಊರೂರು ತಿರುಗಿದರು. ಸರಪಳಿ ಉದ್ದ, ಸರಪಳಿ ಅಗಲದ ಇಂಥ ನಲವತ್ತು ಚೌಕ ಸೇರಿದರೆ ಒಂದು ಎಕರೆ. ಇಂದು ಕರ್ನಾಟಕದ ಕಡೆ ಒಂದು ಗುಂಟೆ ಎಂದರೆ ಇದೇ ಅಳತೆ. ಖುಷ್ಕಿ, ತರಿ, ತೋಟ ಎಂದು ವಿಂಗಡಿಸಿ ಪ್ರತಿ ಹೊಲಕ್ಕೂ ದರ ಕಟ್ಟಿದರು. ಕಂದಾಯ ಎನ್ನಿ, ತೆಲುಗಿನಲ್ಲಿ ಶಿಸ್ತು ಎನ್ನಿ, ಅದು ಎಷ್ಟು ಎಂಬುದು ರೈತನಿಗೆ ಮೊದಲೇ ತಿಳಿಯಿತು. ಗೌಡ, ಕರಣಂ ಬಾಯಿಗೆ ಬಂದಷ್ಟು ಕೇಳುವುದಕ್ಕೆ ತಡೆ ಬಿತ್ತು.

ಆದರೆ ದರ ಭಾರವಾಗಿತ್ತು. ಬೆಳೆಯ ಸುಮಾರು ನೂರಕ್ಕೆ 45 ಪಾಲು ಸರ್ಕಾರಕ್ಕೆ ಎಂಬ ಲೆಕ್ಕ. ಏಳು ವರ್ಷದಲ್ಲಿ ವಸೂಲಿ ಸುಮಾರು 10 ಲಕ್ಷ ವರಹದಿಂದ 15 ಲಕ್ಷ ವರಹಕ್ಕೆ ಏರಿತು. ಇಷ್ಟು ಹೊರೆ ರೈತ ತಾಳಲಾರ ಎಂಬುದು ಮನ್ರೋಗೇ ಮನವರಿಕೆಯಾಯಿತು. 1807ರಲ್ಲಿ ಹೊರಡುವ ಮುನ್ನ ನೂರಕ್ಕೆ 25ರಷ್ಟು ಇಳಿಸಬೇಕೆಂದು ಬರೆದ. ಮೇಲಿನವರು ಒಪ್ಪಲಿಲ್ಲ. ಅವನು ಹೋದ ಮೇಲೆ ರೈತವಾರಿ ಬಿಟ್ಟು ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟರು. ಬರ ಬಂದಾಗ ಗುತ್ತಿಗೆದಾರರೂ ಕೆಟ್ಟರು, ರೈತರೂ ಕೆಟ್ಟರು.

ಮಂತ್ರಾಲಯದ ಕಥೆ

ಈತನ ಬಗ್ಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಥೆ ಮಂತ್ರಾಲಯದ್ದು. ಆದೋನಿ ಸೀಮೆಯ ಮಂಚಾಲೆ ಗ್ರಾಮದ ಇನಾಮಿನ ವಿಚಾರಣೆಗೆ ಮನ್ರೋ ಬಂದನೆಂದೂ, ವೃಂದಾವನದಿಂದ ಗುರು ರಾಘವೇಂದ್ರ ಸ್ವಾಮಿಗಳು ಅವನಿಗೊಬ್ಬನಿಗೇ ಕಂಡು ಮಾತನಾಡಿ ಮಂತ್ರಾಕ್ಷತೆ ಕೊಟ್ಟರೆಂದೂ, ಇನಾಮು ಉಳಿಯಿತೆಂದೂ ಭಕ್ತರು ಹೇಳುತ್ತಾರೆ. ತಿರುಮಲದಲ್ಲಿ ನೈವೇದ್ಯಕ್ಕೆ ಸಂಬಂಧಿಸಿದ ಮನ್ರೋ ಗಂಗಾಳವೂ ಅವನ ಹೆಸರಿನದೇ. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿಯೂ ಈ ಸೀಮೆಯಲ್ಲಿ ಇತ್ತು.

ಐವತ್ತು ದಾಟಿದ ಮೇಲೆ ಮದುವೆ

ಇಪ್ಪತ್ತೇಳು ವರ್ಷಗಳ ನಂತರ ಮನ್ರೋ ತಾಯ್ನಾಡಿಗೆ ಮರಳಿದ. 1813ರಲ್ಲಿ ಕಂಪನಿಯ ಸನ್ನದಿನ ನವೀಕರಣ ಬಂದಾಗ ಪಾರ್ಲಿಮೆಂಟಿನ ಮುಂದೆ ಭಾರತದ ಬಗ್ಗೆ ಸಾಕ್ಷಿ ಹೇಳಿದ. 1814ರ ಮಾರ್ಚಿನಲ್ಲಿ ಜೇನ್ ಕ್ಯಾಂಪ್ಬೆಲ್ ಎಂಬಾಕೆಯನ್ನು ಮದುವೆಯಾದ. ಆಗ ಅವನಿಗೆ ವಯಸ್ಸು 52, ಆಕೆ ಬಹಳ ಚಿಕ್ಕವಳು. ಅದೇ ವರ್ಷ ಇಬ್ಬರೂ ಮದ್ರಾಸಿಗೆ ಬಂದರು. ನ್ಯಾಯ ಮತ್ತು ಪೊಲೀಸ್ ವ್ಯವಸ್ಥೆ ಸರಿಪಡಿಸುವ ಆಯೋಗಕ್ಕೆ ಮನ್ರೋ ಮುಖ್ಯಸ್ಥ. 1816ರ ಕಾನೂನುಗಳಿಂದ ಕಲೆಕ್ಟರನಿಗೆ ಮ್ಯಾಜಿಸ್ಟ್ರೇಟ್ ಅಧಿಕಾರ ಬಂತು. ಊರಿನ ಗೌಡನಿಗೂ ಸಣ್ಣ ವ್ಯಾಜ್ಯ ತೀರಿಸುವ ಅಧಿಕಾರ ಸಿಕ್ಕಿತು.

1817-18ರ ಮರಾಠಾ ಯುದ್ಧದಲ್ಲಿ ಮತ್ತೆ ಕತ್ತಿ ಹಿಡಿದು ಬಾದಾಮಿ, ಬೆಳಗಾವಿ, ಸೊಲ್ಲಾಪುರ ಕೋಟೆಗಳನ್ನು ಗೆದ್ದ. 1819ರಲ್ಲಿ ಊರಿಗೆ ಹೋಗುವಾಗ ಹಡಗಿನಲ್ಲೇ ಹಿರಿಮಗ ಥಾಮಸ್ ಹುಟ್ಟಿದ. ಕೂಡಲೇ ಗವರ್ನರ್ ಪದವಿ ಬಂದದ್ದರಿಂದ ಕೂಸನ್ನು ಅಲ್ಲೇ ಬಿಟ್ಟು ದಂಪತಿ ಹೊರಡಬೇಕಾಯಿತು.

ಗವರ್ನರ್ ಆದ ಮೇಲೆ

1820ರ ಜೂನ್ ತಿಂಗಳಲ್ಲಿ ಮನ್ರೋ ಅಧಿಕಾರ ವಹಿಸಿಕೊಂಡ. ರೈತವಾರಿ ಮತ್ತೆ ಬಂತು. ಹದಿಮೂರು ವರ್ಷದ ಹಿಂದೆ ತಾನೇ ಕೇಳಿದ್ದ ಕಂದಾಯದ ಇಳಿಕೆ ದತ್ತ ಮಂಡಲಕ್ಕೆ ಈಗ ಸಿಕ್ಕಿತು.

1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. 12,498 ಶಾಲೆಗಳು, 1,88,650 ಮಕ್ಕಳು ಎಂಬ ವರದಿ ಬಂತು. ಪ್ರತಿ ತಾಲೂಕಿಗೂ ಒಂದು ಸರ್ಕಾರಿ ಶಾಲೆ ಬೇಕೆಂದು 1826ರಲ್ಲಿ ಬರೆದ. ದೊಡ್ಡ ಹುದ್ದೆಗಳಿಂದ ದೇಶದ ಜನರನ್ನು ದೂರ ಇಟ್ಟರೆ ಅವರ ಗುಣವೇ ಕುಗ್ಗುತ್ತದೆ, ಮುಂದೊಂದು ದಿನ ಅವರೇ ಆಳುವಂತಾಗಬೇಕು ಎಂಬುದು ಅವನ ನಿಲುವು. ಆದರೂ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡುವುದನ್ನು ಅವನು ವಿರೋಧಿಸಿದ. ಪರರಾಜ್ಯದ ಆಳ್ವಿಕೆಯೂ ಸ್ವತಂತ್ರ ಪತ್ರಿಕೆಯೂ ಜೊತೆಗೆ ಬಾಳಲಾರವು ಎಂದು ಅವನಿಗೆ ಗೊತ್ತಿತ್ತು.

ಕೊನೆಯ ಪ್ರವಾಸ

ಊರಿಗೆ ಮರಳುವ ಆಸೆ ಬಲವಾಗಿತ್ತು. ಆದರೆ 1824ರಲ್ಲಿ ಬರ್ಮಾ ಯುದ್ಧ ಬಂದು ನಿಲ್ಲಬೇಕಾಯಿತು. ಆ ಸೇವೆಗೆ 1825ರಲ್ಲಿ ಬ್ಯಾರೊನೆಟ್ ಪದವಿ ಸಿಕ್ಕಿತು. ಅಷ್ಟರಲ್ಲಿ ಚಿಕ್ಕ ಮಗ ಕ್ಯಾಂಪ್ಬೆಲ್ ಕಾಯಿಲೆ ಬಿದ್ದ. 1826ರಲ್ಲಿ ತಾಯಿ ಮಗುವನ್ನು ಕರೆದುಕೊಂಡು ಹಡಗು ಹತ್ತಿದಳು. ಹೆಂಡತಿ ಮಕ್ಕಳಿಲ್ಲದೆ ಗಿಂಡಿಯ ಮನೆ, ತೋಟ ಬಣಗುಡುತ್ತಿವೆ ಎಂದು ಮನ್ರೋ ಆಕೆಗೆ ಕಾಗದ ಬರೆದ.

ಹೊಸ ಗವರ್ನರ್ ಬರುವುದು ತಡವಾಯಿತು. ಮದ್ರಾಸಿನಲ್ಲೇ ಕುಳಿತು ಕಾಯಬಹುದಿತ್ತು. ಆದರೆ ಕಲೆಕ್ಟರನಾಗಿ ತಿರುಗಾಡಿದ ಸೀಮೆಯನ್ನು ಕೊನೆಯದಾಗಿ ನೋಡಬೇಕೆಂದು 1827ರ ಮೇ ಕೊನೆಯಲ್ಲಿ ಹೊರಟ. ಗುತ್ತಿಗೆ ಬರುವಷ್ಟರಲ್ಲಿ ಪರಿವಾರದಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಪತ್ತಿಕೊಂಡದಲ್ಲಿ ಜುಲೈ 6ರ ಬೆಳಿಗ್ಗೆ ಅವನಿಗೂ ತಗುಲಿತು. ರಾತ್ರಿಯೊಳಗೆ ಜೀವ ಹೋಯಿತು. ಆಗ ವಯಸ್ಸು 66. ಮರುದಿನ ಗುತ್ತಿ ಕೋಟೆಯ ಕೆಳಗೆ ಹೂಳಿದರು. 1831ರಲ್ಲಿ ಅಸ್ಥಿಯನ್ನು ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಸಾಗಿಸಿದರು.

ಜನರ ಚಂದಾ ಹಣದಲ್ಲಿ ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಮಾಡಿದ ಕಂಚಿನ ಪ್ರತಿಮೆ 1839ರಲ್ಲಿ ಮದ್ರಾಸಿನಲ್ಲಿ ನಿಂತಿತು. ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ. ಅವನು ಸತ್ತ ಪತ್ತಿಕೊಂಡದಲ್ಲಿ ಸರ್ಕಾರ ಅವನ ನೆನಪಿಗೆ ಒಂದು ತೋಪು ಬೆಳೆಸಿ, ಮೆಟ್ಟಿಲುಬಾವಿ ಕಟ್ಟಿಸಿತು. ಬರದ ಸೀಮೆಗೆ ಪ್ರತಿಮೆಗಿಂತ ನೆರಳು, ನೀರೇ ತಕ್ಕ ಗುರುತು.